ಎರಡು ಲೈನ್ ಹಾಕಿಸಿದರೂ ಸ್ಪೀಡ್ ಬರಲಿಲ್ಲ: ಬಳ್ಳಾರಿಯ ಒಂದು ಜೀನ್ಸ್ ಘಟಕದ ಪ್ರಕರಣ

ಬಳ್ಳಾರಿಯ ಕೌಲ್ ಬಜಾರ್ ಕಡೆ ಒಂದು ಜೀನ್ಸ್ ಹೊಲಿಯುವ ಘಟಕ ಇದೆ. ಅಲ್ಲಿ 100 ಎಂಬಿಪಿಎಸ್‌ನ (ಸೆಕೆಂಡಿಗೆ 100 ಮೆಗಾಬಿಟ್) ಒಂದು ಫೈಬರ್ ಇಂಟರ್ನೆಟ್ ಲೈನ್ ಇತ್ತು. ಸಾಲುತ್ತಿಲ್ಲ ಅಂತ ಮಾಲೀಕರು ಬೇರೆ ಕಂಪನಿಯಿಂದ ಇನ್ನೊಂದು 100ರ ಲೈನ್ ಹಾಕಿಸಿದರು. ತಿಂಗಳ ಬಿಲ್ ಎರಡಾಯಿತು. ಸ್ಪೀಡ್ ಮಾತ್ರ ಮೊದಲಿನಷ್ಟೇ ಇತ್ತು.

"ನೂರಕ್ಕೆ ನೂರು ಕೂಡಿದ್ರೆ ಇನ್ನೂರು ಆಗ್ಬೇಕಲ್ರೀ? ಆ ಇನ್ನೊಂದು ನೂರು ಎಲ್ಲಿ ಹೋಯ್ತು?" ಅಂತ ಅವರು ಕೇಳಿದರು. ನ್ಯಾಯವಾದ ಪ್ರಶ್ನೆ. ಹೊಸಪೇಟೆಯ ಲಾಡ್ಜ್‌ನವರು, ಗಂಗಾವತಿಯ ಅಕ್ಕಿ ಗಿರಣಿಯವರು, ಸಿಂಧನೂರಿನ ಕೋಚಿಂಗ್ ಸೆಂಟರ್‌ನವರು ಕೂಡ ಇದನ್ನೇ ಕೇಳುತ್ತಾರೆ. ಅಂಗಡಿ, ಘಟಕಗಳ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ಹಾಗಾಗಿ ಈ ಒಂದು ಪ್ರಕರಣವನ್ನು ಮಾಲೀಕರ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ಪೂರ್ತಿಯಾಗಿ ಬರೆಯುತ್ತಿದ್ದೇನೆ. ಇದನ್ನು ಓದಿ ಯಾರಾದರೂ ಬೇಡದ ಲೈನ್‌ಗೆ ದುಡ್ಡು ಹಾಕುವುದು ತಪ್ಪಿದರೆ ನನಗೆ ಅಷ್ಟೇ ಸಾಕು.

ಘಟಕದಲ್ಲಿ ನೆಟ್ ಯಾರ‍್ಯಾರಿಗೆ ಬೇಕು

ಕೆಳಗೆ ಕಟಿಂಗ್ ಟೇಬಲ್, ಹೊಲಿಗೆ ಮಷೀನ್‌ಗಳು. ಮೇಲೆ ಆಫೀಸು ಮತ್ತು ಫೋಟೊ ತೆಗೆಯುವ ಒಂದು ಕೋಣೆ. ವಾಷಿಂಗ್ ಕೆಲಸ ಹೊರಗಿನ ಘಟಕಕ್ಕೆ ಹೋಗುತ್ತದೆ.

ಸಂಜೆ ಹೊತ್ತಿಗೆ ಹೊಸ ಡಿಸೈನ್‌ಗಳ ಫೋಟೊ, ಸಣ್ಣ ಸಣ್ಣ ವಿಡಿಯೊ ಎಲ್ಲಾ ಅಪ್‌ಲೋಡ್ ಆಗಬೇಕು. ಮುಂಭಾಗ, ಹಿಂಭಾಗ, ಜೇಬು, ಗುಂಡಿ, ಒಳಗಿನ ಹೊಲಿಗೆ. ಒಂದು ದಿನದ ಫೋಲ್ಡರ್ 6 ಜಿಬಿವರೆಗೂ ಹೋಗುತ್ತದೆ. ಅದೇ ಹೊತ್ತಿಗೆ ಮಾಲೀಕರ ಮಗಳು ಹೋಲ್‌ಸೇಲ್ ವ್ಯಾಪಾರಿಗಳಿಗೆ ವಿಡಿಯೊ ಕರೆ ಮಾಡಿ ಶೇಡ್ ತೋರಿಸುತ್ತಾರೆ. ಅದೇ ಹೊತ್ತಿಗೆ ಅಕೌಂಟೆಂಟ್ ಇ-ವೇ ಬಿಲ್ ತೆಗೆಯುತ್ತಾರೆ. 50,000 ರೂಪಾಯಿ ದಾಟಿದ ಸರಕು ಹೊರಡಬೇಕಾದರೆ ಈ ಬಿಲ್ ಬೇಕು ಅನ್ನುವುದು ವ್ಯಾಪಾರದವರಿಗೆಲ್ಲ ಗೊತ್ತು. 2018ರ ಏಪ್ರಿಲ್ 1ರಂದು ಅದನ್ನು ರಾಜ್ಯದ ಒಳಗಿನ ಸಾಗಣೆಗೂ ಮೊದಲು ಜಾರಿ ಮಾಡಿದ್ದು ನಮ್ಮ ಕರ್ನಾಟಕವೇ. ಬಿಲ್ ಬರುವ ತನಕ ಗಾಡಿ ಬಾಗಿಲಲ್ಲೇ ನಿಂತಿರುತ್ತದೆ, ಡ್ರೈವರ್ ಹಾರನ್ ಹೊಡೆಯುತ್ತಿರುತ್ತಾನೆ.

ಇದರ ಮೇಲೆ ಸಿಸಿಟಿವಿ. ಅದರ ಮೇಲೆ ಕೆಲಸಗಾರರ ಫೋನ್‌ಗಳು. ದೂರು ಒಂದೇ: ಸಂಜೆ ಐದಾದರೆ ನೆಟ್ ಸಾಯುತ್ತದೆ.

ಮೊದಲು ಸಿಕ್ಕಿದ್ದು

ಸ್ಪೀಡ್ ಅಳೆಯುವ ಮೊದಲು ಯಾವ ಕಂಪ್ಯೂಟರ್, ಯಾವ ಫೋನ್ ಯಾವ ಲೈನ್ ಮೇಲಿದೆ ಅಂತ ಪಟ್ಟಿ ಮಾಡಿದೆವು. ಹೆಚ್ಚುಕಡಿಮೆ ಎಲ್ಲವೂ ಹಳೆಯ ಲೈನ್ ಮೇಲೇ ಇದ್ದವು. ಹೊಸ ಲೈನ್‌ನ ವೈಫೈಗೆ ಬೇರೆ ಹೆಸರು ಇಟ್ಟಿದ್ದರು. ಅದಕ್ಕೆ ಸೇರಿದ್ದವು ಒಂದೆರಡು ಫೋನ್ ಅಷ್ಟೇ. ಫೋನ್ ಆಗಲಿ, ಲ್ಯಾಪ್‌ಟಾಪ್ ಆಗಲಿ, ಗೊತ್ತಿರುವ ವೈಫೈ ಸಿಕ್ಕರೆ ಅಲ್ಲೇ ಕೂರುತ್ತವೆ. ಒಂದೇ ಲ್ಯಾಪ್‌ಟಾಪ್‌ಗೆ ಕೇಬಲ್‌ನಿಂದ ಒಂದು ಲೈನ್, ವೈಫೈನಿಂದ ಇನ್ನೊಂದು ಲೈನ್ ಕೊಟ್ಟರೂ ಎರಡೂ ಕೂಡುವುದಿಲ್ಲ. ಒಳಗಿನ ಸಿಸ್ಟಂ ಒಂದನ್ನು ಮುಖ್ಯ ದಾರಿ ಅಂತ ಆರಿಸಿ, ಹೊರಗೆ ಹೋಗುವುದನ್ನೆಲ್ಲ ಅದರಲ್ಲೇ ಕಳಿಸುತ್ತದೆ. ಇನ್ನೊಂದು ಸುಮ್ನೆ ಕಾದಿರುತ್ತದೆ. ಕಳೆದುಹೋದ ನೂರು ಎಲ್ಲೂ ಹೋಗಿರಲಿಲ್ಲ. ಯಾರೂ ಮುಟ್ಟದೆ ಗೋಡೆ ಮೇಲೆ ಕೂತಿತ್ತು.

ಎರಡನೆಯದು ಸ್ವಿಚ್. ಆಫೀಸಿನ ಕಂಪ್ಯೂಟರ್‌ಗಳೆಲ್ಲ ಸೇರುವ ಹಳೆಯ ಸ್ವಿಚ್‌ನ ಪೋರ್ಟ್‌ಗಳೇ 100 ಎಂಬಿಪಿಎಸ್‌ನವು. ಹೊರಗಿನಿಂದ 200 ತಂದು ಸುರಿದರೂ ಒಂದು ಕಂಪ್ಯೂಟರ್‌ಗೆ 100ಕ್ಕಿಂತ ಜಾಸ್ತಿ ತಲುಪುವ ದಾರಿಯೇ ಇರಲಿಲ್ಲ. ಫೋಟೊ ಕೋಣೆಗೆ ಎಳೆದ ಕೇಬಲ್‌ನಲ್ಲೂ ಎಂಟು ತಂತಿಗಳ ಪೈಕಿ ನಾಲ್ಕನ್ನೇ ಕ್ರಿಂಪ್ ಮಾಡಿದ್ದರು, ಅಂದರೆ ತುದಿಯ ಪ್ಲಗ್‌ಗೆ ಒತ್ತಿ ಕೂರಿಸಿದ್ದರು. ನಾಲ್ಕು ತಂತಿಯ ಕೇಬಲ್ 100ರ ಮೇಲೆ ಹೋಗುವುದಿಲ್ಲ. ಗಿಗಾಬಿಟ್‌ಗೆ (1,000 ಎಂಬಿಪಿಎಸ್) ಎಂಟೂ ಬೇಕು. ಸ್ವಿಚ್ ಬದಲಿಸಿ, ಕೇಬಲ್‌ನ ಎರಡೂ ತುದಿ ಹೊಸದಾಗಿ ಕ್ರಿಂಪ್ ಮಾಡಿಸಿದೆವು. ಲೈನ್ ಕೂಡಿಸುವ ಮಾತು ಆಡುವ ಮೊದಲು ಪ್ರತಿಯೊಬ್ಬರೂ ಇದನ್ನು ನೋಡಬೇಕು.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅಕೌಂಟೆಂಟ್ ಅವರ ಕಂಪ್ಯೂಟರ್‌ನಲ್ಲಿ ಕಮಾಂಡ್ ಟೈಪ್ ಮಾಡುವ ಕಪ್ಪು ಕಿಟಕಿ ತೆರೆದು, ಹೊರಗಿನ ಒಂದು ವಿಳಾಸಕ್ಕೆ ಪಿಂಗ್ ನಿಲ್ಲದೆ ಓಡಲು ಬಿಟ್ಟೆವು. ಪಿಂಗ್ ಅಂದರೆ ಒಂದು ಸಣ್ಣ ಪ್ಯಾಕೆಟ್ (ಡೇಟಾದ ತುಂಡು) ಹೋಗಿ ವಾಪಸ್ ಬರಲು ಹಿಡಿಯುವ ಸಮಯ. ಸಾಲು ಸಾಲಾಗಿ 12, 11, 12, 13 ಮಿಲಿಸೆಕೆಂಡ್ ಅಂತ ಬರುತ್ತಿತ್ತು. ಆಗ ಪಕ್ಕದ ಕೋಣೆಯಲ್ಲಿ ಫೋಟೊ ಅಪ್‌ಲೋಡ್ ಶುರು ಮಾಡಿಸಿದೆವು. ಅಂಕಿ ಏರತೊಡಗಿತು. 60. 190. 420. ನಂತರ 600ರ ಮೇಲೆ. ನಡುವೆ ಒಂದೆರಡು ಪ್ಯಾಕೆಟ್ ವಾಪಸ್ಸೇ ಬರಲಿಲ್ಲ. "ನಿಲ್ಲಿಸಮ್ಮಾ" ಅಂತ ಕೂಗಿದ ಕೂಡಲೇ ಮತ್ತೆ 12, 12, 11. "ಇದೇ ಏನ್ರೀ ದಿನಾ ಸಂಜೆ ನನ್ನ ಜೀವ ತಿನ್ನೋದು?" ಅಂದರು ಅಕೌಂಟೆಂಟ್. ಹೌದು, ಅದೇ.

ಪ್ಲಾನ್ 100ರದ್ದಾದರೂ ಸಂಜೆ ಅಪ್‌ಲೋಡ್ ಅಳೆದಾಗ 40ರ ಆಸುಪಾಸು ಬರುತ್ತಿತ್ತು. ಲೆಕ್ಕ ಸುಲಭ. ಒಂದು ಬೈಟ್‌ಗೆ ಎಂಟು ಬಿಟ್. 6 ಜಿಬಿ ಅಂದರೆ 48,000 ಮೆಗಾಬಿಟ್. 40ರಿಂದ ಭಾಗಿಸಿದರೆ 1,200 ಸೆಕೆಂಡ್, ಅಂದರೆ 20 ನಿಮಿಷ. ಆ 20 ನಿಮಿಷವೂ ಅಪ್‌ಲೋಡ್ ದಾರಿ ಕಂಠದವರೆಗೆ ತುಂಬಿರುತ್ತದೆ. ತುಂಬಿದಾಗ ರೂಟರ್ ಮತ್ತು ಫೈಬರ್ ಡಬ್ಬಿ ಪ್ಯಾಕೆಟ್‌ಗಳನ್ನು ಬಿಸಾಡದೆ ತಮ್ಮ ಮೆಮೊರಿಯಲ್ಲಿ ಪೇರಿಸಿಡುತ್ತವೆ. ವಿಡಿಯೊ ಕರೆಯ ಸಣ್ಣ ಪ್ಯಾಕೆಟ್ ಬಂದರೆ ಅದೂ ಆ ರಾಶಿಯ ಹಿಂದೆಯೇ ನಿಲ್ಲಬೇಕು. ಇದಕ್ಕೆ ಬಫರ್‌ಬ್ಲೋಟ್ ಅನ್ನುತ್ತಾರೆ. ಸ್ಪೀಡ್ ಟೆಸ್ಟ್ ಮಾಡಿದರೆ ಲೈನ್ ಚೆನ್ನಾಗಿಯೇ ಇದೆ ಅಂತ ತೋರಿಸುತ್ತದೆ, ಕರೆ ಮಾತ್ರ ತುಂಡಾಗುತ್ತದೆ. ಅದಕ್ಕೇ ಜನ ಮೋಸ ಹೋಗಿ ಇನ್ನೊಂದು ಲೈನ್ ಹಾಕಿಸುತ್ತಾರೆ.

ಇದಕ್ಕೆ ಮದ್ದು ಇದೆ. ಎಫ್‌ಕ್ಯೂ-ಕೋಡೆಲ್ ಅನ್ನುವ ವಿಧಾನ 2018ರಲ್ಲಿ ಆರ್‌ಎಫ್‌ಸಿ 8290 ಆಗಿ ಪ್ರಕಟವಾಯಿತು (ಆರ್‌ಎಫ್‌ಸಿ ಅಂದರೆ ಇಂಟರ್ನೆಟ್ ತಂತ್ರಜ್ಞರ ಸಾರ್ವಜನಿಕ ದಾಖಲೆ). ಅದರ ಮುಂದಿನ ರೂಪಕ್ಕೆ ಕೇಕ್ ಅಂತ ಹೆಸರು. ಎರಡೂ ಒಂದೊಂದು ಸಂಪರ್ಕಕ್ಕೂ ಬೇರೆ ಸಾಲು ಮಾಡಿ, ಯಾವ ಸಾಲಿಗೂ ಜಾಸ್ತಿ ಹೊತ್ತು ಕಾಯಲು ಬಿಡುವುದಿಲ್ಲ. ಓಪನ್‌ಡಬ್ಲ್ಯೂಆರ್‌ಟಿ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿದ ರೂಟರ್‌ನಲ್ಲಿ ಇದನ್ನು ಚಾಲೂ ಮಾಡಿ, ಅಪ್‌ಲೋಡ್ ಮಿತಿಯನ್ನು 40ರ ಬದಲು 36ಕ್ಕೆ ಇಟ್ಟೆವು. ಹತ್ತರಲ್ಲಿ ಒಂದು ಪಾಲು ಬಿಟ್ಟುಕೊಟ್ಟರೆ ಸಾಲು ನಮ್ಮ ರೂಟರ್‌ನಲ್ಲೇ ನಿಲ್ಲುತ್ತದೆ, ನಮ್ಮ ಕೈಯಲ್ಲಿ ಇರುತ್ತದೆ. ಮತ್ತೆ ಅಪ್‌ಲೋಡ್ ಶುರು ಮಾಡಿಸಿ ಪಿಂಗ್ ನೋಡಿದೆವು. 20ರ ಆಚೀಚೆ ನಿಂತಿತು. ವಿಡಿಯೊ ಕರೆ ಹಚ್ಚಿದರು. ಡೆನಿಮ್‌ನ ಅಡ್ಡ ನೂಲು ಕೂಡ ಸರಿಯಾಗಿ ಕಾಣುತ್ತಿತ್ತು.

ಇಷ್ಟಾಗುವಾಗ ಎರಡನೇ ಲೈನ್ ಅನ್ನು ನಾವಿನ್ನೂ ಮುಟ್ಟಿಯೇ ಇರಲಿಲ್ಲ. ಸಣ್ಣ ಘಟಕಗಳಲ್ಲಿ ಲೈನ್ ಸಾಲದು ಅನ್ನುವ ದೂರಿನ ಅರ್ಧ ಭಾಗ ಹೀಗೇ ಇರುತ್ತದೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕೂಡಿಸುವುದು ಅಂದರೆ ಏನು

ಆದರೂ ಮಾಲೀಕರ ಪ್ರಶ್ನೆ ಉಳಿದಿತ್ತು. ನೂರಕ್ಕೆ ನೂರು ಕೂಡಿಸಲು ಆಗುತ್ತದಾ?

ಆಗುತ್ತದೆ. ಆದರೆ ಯಾವುದನ್ನು ಕೂಡಿಸುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಹತ್ತು ಜನ ಹತ್ತು ಬೇರೆ ಕೆಲಸ ಮಾಡುತ್ತಿದ್ದರೆ ಐದು ಜನರನ್ನು ಈ ಲೈನ್‌ಗೆ, ಐದು ಜನರನ್ನು ಆ ಲೈನ್‌ಗೆ ಹಂಚಬಹುದು. ಒಟ್ಟು ಸ್ಪೀಡ್ ನಿಜವಾಗಿಯೂ ಕೂಡುತ್ತದೆ. ಆದರೆ ಒಬ್ಬರು ಒಂದೇ ಫೈಲ್ ಕಳಿಸುತ್ತಿದ್ದರೆ? ಅದು ಒಂದೇ ಸಂಪರ್ಕ. ಇಂಟರ್ನೆಟ್‌ನಲ್ಲಿ ಡೇಟಾ ಸಾಗಿಸುವ ನಿಯಮವಾದ ಟಿಸಿಪಿಯಲ್ಲಿ ಒಂದು ಸಂಪರ್ಕವನ್ನು ಗುರುತಿಸುವುದು ನಾಲ್ಕು ಅಂಕಿಗಳಿಂದ: ಈ ಕಡೆಯ ಐಪಿ ವಿಳಾಸ, ಈ ಕಡೆಯ ಪೋರ್ಟ್ ನಂಬರ್, ಆ ಕಡೆಯ ಐಪಿ ವಿಳಾಸ, ಆ ಕಡೆಯ ಪೋರ್ಟ್ ನಂಬರ್. ಎರಡು ಕಂಪನಿಗಳ ಲೈನ್ ಅಂದರೆ ಎರಡು ಬೇರೆ ಐಪಿ ವಿಳಾಸ. ಅರ್ಧ ಫೈಲ್ ಬೇರೆ ವಿಳಾಸದಿಂದ ಬಂದರೆ ಆ ಕಡೆಯ ಸರ್ವರ್‌ಗೆ ಅದು ಯಾರೋ ಅಪರಿಚಿತರದ್ದು. ತೆಗೆದುಕೊಳ್ಳುವುದಿಲ್ಲ.

ವಿಳಾಸದ ತೊಂದರೆ ನೀಗಿದರೂ ಇನ್ನೊಂದು ತೊಂದರೆ ಇದೆ. ಅದನ್ನು ಮಾಲೀಕರಿಗೆ ಅವರ ಕಟಿಂಗ್ ಟೇಬಲ್ ತೋರಿಸಿಯೇ ಹೇಳಿದೆ. ಡೆನಿಮ್ ಪದರಗಳನ್ನು ಒಟ್ಟಿಗೆ ಕತ್ತರಿಸಿ, ಪ್ರತಿ ತುಂಡಿಗೂ ನಂಬರ್ ಹಾಕುತ್ತಾರೆ. ಒಂದೇ ಪ್ಯಾಂಟಿನ ಎರಡು ಕಾಲು ಬೇರೆ ಬೇರೆ ಶೇಡ್ ಆಗಬಾರದಲ್ವಾ? ಈಗ ಆ ತುಂಡುಗಳನ್ನು ಎರಡು ಆಟೊದಲ್ಲಿ ಇನ್ನೊಂದು ಘಟಕಕ್ಕೆ ಕಳಿಸಿ. ಒಂದು ಆಟೊ ನೇರ ಹೋಯಿತು. ಇನ್ನೊಂದು ರೈಲ್ವೆ ಗೇಟ್‌ನಲ್ಲಿ ನಿಂತಿತು. 1, 3, 5, 7 ಬಂದಿವೆ, 2 ಬಂದಿಲ್ಲ. ಟೈಲರ್ ಮಷೀನ್ ನಿಲ್ಲಿಸಿ ಕೂತ. ಗಾಡಿ ಎರಡಾದರೂ ಕೆಲಸ ಒಂದಕ್ಕಿಂತ ನಿಧಾನ ಆಯಿತು. ಟಿಸಿಪಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ನಂಬರ್ ತಪ್ಪಿ ಬಂದಾಗಲೆಲ್ಲ ಆ ಕಡೆಯವರು "ನನಗಿನ್ನೂ ಎರಡನೆಯದು ಬಂದಿಲ್ಲ" ಅಂತ ಹೇಳುತ್ತಲೇ ಇರುತ್ತಾರೆ. ಇದೇ ಉತ್ತರ ಮೂರು ಸಲ ಮರುಕಳಿಸಿದರೆ ಕಳಿಸುವವರು ಪ್ಯಾಕೆಟ್ ಕಳೆದುಹೋಯಿತು ಅಂತ ತಿಳಿದು ವೇಗವನ್ನು ಇಳಿಸುತ್ತಾರೆ.

"ಅಂದ್ರೆ ಸಾಧ್ಯನೇ ಇಲ್ಲೇನು?" ಅಂತ ಕೇಳಿದರು. ಸಾಧ್ಯ ಇದೆ, ಆದರೆ ಆ ತುದಿಯಲ್ಲೂ ಜೋಡಿಸುವವರು ಒಬ್ಬರು ಇರಬೇಕು. ಐಎಸ್‌ಡಿಎನ್ (ಹಳೆಯ ಡಿಜಿಟಲ್ ಟೆಲಿಫೋನ್ ಲೈನ್) ಕಾಲದಲ್ಲಿ 64 ಕೆಬಿಪಿಎಸ್‌ನ ಎರಡು ಚಾನೆಲ್ ಸೇರಿಸಿ 128 ಮಾಡುತ್ತಿದ್ದರು. ಅದು ಆಗುತ್ತಿತ್ತು, ಏಕೆಂದರೆ ಎರಡೂ ಚಾನೆಲ್ ಒಂದೇ ಕಂಪನಿಯ ಒಂದೇ ಡಬ್ಬಿಗೆ ಹೋಗಿ ಸೇರುತ್ತಿದ್ದವು. ಇಂಟರ್ನೆಟ್‌ನಲ್ಲಿ ಆ ತುದಿ ನಮ್ಮದಲ್ಲ. ಅದಕ್ಕೆ ಒಂದೇ ಸಂಪರ್ಕವನ್ನು ಹಲವು ದಾರಿಯಲ್ಲಿ ಒಯ್ಯುವ ಮಲ್ಟಿಪಾತ್ ಟಿಸಿಪಿ ಅನ್ನುವ ಹೊಸ ವಿಧಾನ ಬಂತು. 2013ರಲ್ಲಿ ಆರ್‌ಎಫ್‌ಸಿ 6824 ಆಗಿ ಪ್ರಕಟವಾಯಿತು. ಅದೇ ವರ್ಷ ಆಪಲ್ ಕಂಪನಿ ಐಫೋನ್‌ನ ಐಒಎಸ್ 7ರಲ್ಲಿ ಧ್ವನಿ ಸಹಾಯಕಿ ಸಿರಿಗೆ ಅದನ್ನು ಬಳಸಿತು. 2020ರಲ್ಲಿ ಲಿನಕ್ಸ್ ಕರ್ನಲ್ 5.6ರಲ್ಲಿ ಜಾಗ ಪಡೆಯಿತು. ಆದರೆ ನಾವು ದಿನಾ ಬಳಸುವ ಹೆಚ್ಚಿನ ಸೈಟ್‌ಗಳು ಆ ಭಾಷೆ ಮಾತಾಡುವುದಿಲ್ಲ. ಹಾಗಾಗಿ ನಡುವೆ ನಮ್ಮದೇ ಒಂದು ಬಾಡಿಗೆ ಸರ್ವರ್ ಬೇಕು. ಅದರ ವಿಷಯ ಮುಂದೆ ಬರುತ್ತದೆ.

ಒಂದೇ ಕಂಬದ ಮೇಲೆ ಎರಡು ಲೈನ್

ಹಂಚುವ ಕೆಲಸ ಶುರು ಮಾಡುವ ಮೊದಲು ಬೀದಿಗೆ ಇಳಿದು ಕೇಬಲ್ ಬರುವ ದಾರಿ ನೋಡಿದೆವು. ಎರಡು ಕಂಪನಿ, ಎರಡು ಬಿಲ್. ಆದರೆ ಎರಡೂ ಕಪ್ಪು ಕೇಬಲ್ ಅದೇ ಓಣಿಯ ಅದೇ ಕಂಬಗಳ ಮೇಲೆ, ಒಂದಕ್ಕೊಂದು ಸುತ್ತಿಕೊಂಡು ಬರುತ್ತಿದ್ದವು. ಎತ್ತರ ತುಂಬಿದ ಒಂದು ಲಾರಿ ಎಳೆದುಕೊಂಡು ಹೋದರೆ ಎರಡೂ ಹೋಗುತ್ತವೆ. ಹೋಗಿದ್ದವು ಕೂಡ, ಅಂತ ಕೆಳಗಿನ ಮೇಸ್ತ್ರಿ ನೆನಪಿಸಿದರು.

ಇಲ್ಲಿ ನಾನು ಹಟ ಹಿಡಿದು ಹೇಳಿದ್ದು ಒಂದೇ. ಎರಡನೇ ಫೈಬರ್ ಬಿಡಿ, ಅದರ ಜಾಗಕ್ಕೆ ವೈರ್‌ಲೆಸ್ ತಗೊಳ್ಳಿ. 5ಜಿ ಟವರ್‌ನಿಂದ ನೇರ ಬರುವ ಲೈನ್. ಸ್ಪೀಡ್ ಏರಿಳಿತ ಆಗುತ್ತದೆ, ಆದರೆ ಅದು ಬರುವ ದಾರಿಯೇ ಬೇರೆ. ಮಾಲೀಕರಿಗೆ ಮೊದಲು ಮನಸ್ಸು ಬರಲಿಲ್ಲ. ಫೈಬರ್ ಬಿಟ್ಟು ಗಾಳಿಯ ಲೈನ್ ಯಾಕೆ ಅಂದರು. ಮಗಳು ಪರವಾಗಿ ನಿಂತರು: "ಅಪ್ಪಾ, ಎರಡೂ ಒಂದೇ ಸಲ ಹೋಗೋದಾದ್ರೆ ಎರಡಕ್ಕೆ ಯಾಕೆ ದುಡ್ಡು ಕೊಡ್ಬೇಕು?" ಆ ಮಾತಿಗೆ ಒಪ್ಪಿದರು.

ತಾರಸಿ ಮೇಲೆ ಆ್ಯಂಟೆನಾ ಡಬ್ಬಿ ಕೂರಿಸಿದೆವು. ಡೌನ್‌ಲೋಡ್ 70ರ ಆಸುಪಾಸು, ಅಪ್‌ಲೋಡ್ 20ರ ಒಳಗೆ. ವೈರ್‌ಲೆಸ್‌ನಲ್ಲಿ ಅಪ್‌ಲೋಡ್ ಕಡಿಮೆ ಇರುವುದು ಮಾಮೂಲು. ಅದನ್ನು ಮೊದಲೇ ಹೇಳಿಟ್ಟಿದ್ದೆ.

ಕರೆಂಟ್ ವಿಷಯ ಒಂದು ಮಾತು. ಕರೆಂಟ್ ಹೋದರೆ ಫೈಬರ್ ಡಬ್ಬಿ, ರೂಟರ್, ಆ್ಯಂಟೆನಾ ಎಲ್ಲವೂ ಒಟ್ಟಿಗೆ ಆರುತ್ತವೆ. ಜನರೇಟರ್ ಶುರುವಾದ ಮೇಲೂ ಅವು ಎದ್ದು ನಿಲ್ಲಲು ಒಂದೆರಡು ನಿಮಿಷ ಬೇಕು. ಮೂರಕ್ಕೂ ಸಣ್ಣ ಯುಪಿಎಸ್ ಕೊಡಿಸಿದೆವು. ಎರಡು ಲೈನ್‌ಗೆ ಖರ್ಚು ಮಾಡಿ ಯುಪಿಎಸ್ ಬಿಡುವುದು ಬೇಡ.

ಹಂಚಿಕೆ

ರೂಟರ್‌ನಲ್ಲಿ ಸಂಪರ್ಕಗಳನ್ನು ಹಲವು ಲೈನ್‌ಗೆ ಹಂಚುವ ಎಂವ್ಯಾನ್3 ಅನ್ನುವ ಪ್ಯಾಕೇಜ್ ಹಾಕಿದೆವು. ಎರಡು ಲೈನ್‌ಗೂ ತೂಕ ಕೊಡಬಹುದು. ಹೊಸದಾಗಿ ಶುರುವಾಗುವ ಐದು ಸಂಪರ್ಕಗಳಲ್ಲಿ ಮೂರು ಫೈಬರ್‌ಗೆ, ಎರಡು ವೈರ್‌ಲೆಸ್‌ಗೆ ಅನ್ನುವ ಹಾಗೆ. ಓಪನ್‌ಡಬ್ಲ್ಯೂಆರ್‌ಟಿ ಕಷ್ಟ ಅನ್ನಿಸುವವರಿಗೆ ಅಂಗಡಿಯಲ್ಲೇ ಮಲ್ಟಿ-ವ್ಯಾನ್ ರೂಟರ್ ಸಿಗುತ್ತವೆ. ಕೆಲಸ ಅದೇ.

ಸ್ಪೀಡ್ ಟೆಸ್ಟ್ ಓಡಿಸಿದಾಗ ಡೌನ್‌ಲೋಡ್ 160ರ ಹತ್ತಿರ ಬಂತು. ಮಾಲೀಕರ ಮುಖ ಅರಳಿತು. ಅಲ್ಲೇ ಅವರಿಗೆ ಇನ್ನೊಂದು ಟೆಸ್ಟ್ ತೋರಿಸಿದೆ. ಊಕ್ಲಾ ಕಂಪನಿಯ ಸ್ಪೀಡ್ ಟೆಸ್ಟ್ ಸಾಮಾನ್ಯವಾಗಿ ಒಮ್ಮೆಗೇ ಹಲವು ಸಂಪರ್ಕ ತೆರೆಯುತ್ತದೆ, ಹಾಗಾಗಿ ಎರಡೂ ಲೈನ್ ತುಂಬುತ್ತವೆ. ಅದರಲ್ಲೇ ಒಂದೇ ಸಂಪರ್ಕದಿಂದ ಅಳೆಯುವ ಆಯ್ಕೆಯೂ ಇದೆ. ಅದನ್ನು ಒತ್ತಿದರೆ ಒಂದು ಸಲ 90 ಬಂತು, ಇನ್ನೊಂದು ಸಲ 65. ಯಾವ ಲೈನ್‌ಗೆ ಬಿತ್ತೋ ಆ ಲೈನ್‌ನಷ್ಟೇ. 160 ಅನ್ನುವ ಅಂಕಿ ಸುಳ್ಳಲ್ಲ, ಅದು ಇಡೀ ಘಟಕದ್ದು. ಒಬ್ಬರ ಒಂದು ಫೈಲ್‌ಗೆ ಸಿಗುವುದು ಎರಡನೆಯ ಅಂಕಿ. ಎರಡು ಲೈನ್ ಕೂಡಿಸಿಕೊಡುತ್ತೇವೆ ಅಂತ ಯಾರಾದರೂ ಬಂದರೆ ಎರಡೂ ಟೆಸ್ಟ್ ಮಾಡಿ ತೋರಿಸಲು ಹೇಳಿ.

ಮರುದಿನವೇ ಅಕೌಂಟೆಂಟ್ ಕಡೆಯಿಂದ ದೂರು ಬಂತು. ಬ್ಯಾಂಕ್ ಸೈಟ್ ಲಾಗಿನ್ ಆದ ಮೇಲೆ ತಾನೇ ಹೊರಗೆ ಹಾಕುತ್ತಿದೆ. ಒಟಿಪಿ ಕೊಟ್ಟು ಒಳಗೆ ಹೋದರೆ ಮುಂದಿನ ಪುಟಕ್ಕೆ ಮತ್ತೆ ಮೊದಲಿನಿಂದ. ಇದು ಹಂಚಿಕೆಯಿಂದ ಬರುವ ಗೊತ್ತಿರುವ ತೊಂದರೆ. ಒಂದು ಪುಟ ಫೈಬರ್‌ನ ವಿಳಾಸದಿಂದ ಹೋಗಿದೆ, ಮುಂದಿನದು ವೈರ್‌ಲೆಸ್ ವಿಳಾಸದಿಂದ. ಒಂದೇ ಗ್ರಾಹಕ ಒಂದೇ ನಿಮಿಷದಲ್ಲಿ ಎರಡು ಜಾಗದಿಂದ ಬಂದರೆ ಬ್ಯಾಂಕ್ ಅನುಮಾನ ಪಡುವುದು ಸರಿಯೇ. ಒಬ್ಬ ಬಳಕೆದಾರ ಸ್ವಲ್ಪ ಹೊತ್ತು ಒಂದೇ ಲೈನ್‌ಗೆ ಅಂಟಿಕೊಳ್ಳುವಂತೆ ಮಾಡುವ ಸ್ಟಿಕಿ ಆಯ್ಕೆ ಇದೆ. ಆದರೆ ನಾವು ಇನ್ನೂ ಸರಳ ದಾರಿ ಹಿಡಿದೆವು. ಸೈಟ್‌ಗಳಿಗೆ ನಿಯಮ ಬರೆಯುತ್ತಾ ಕೂರದೆ ಕಂಪ್ಯೂಟರ್‌ಗಳಿಗೇ ನಿಯಮ ಹಾಕಿದೆವು. ಅಕೌಂಟೆಂಟ್ ಕಂಪ್ಯೂಟರ್ ಯಾವಾಗಲೂ ಫೈಬರ್‌ನಲ್ಲಿ. ಫೈಬರ್ ಹೋದರೆ ಮಾತ್ರ ವೈರ್‌ಲೆಸ್‌ಗೆ. ವಿಡಿಯೊ ಕರೆಯ ಟ್ಯಾಬ್ಲೆಟ್ ಕೂಡ ಹಾಗೇ. ಸಿಸಿಟಿವಿ ಮತ್ತು ಕೆಲಸಗಾರರ ವೈಫೈ ಮೊದಲು ವೈರ್‌ಲೆಸ್‌ಗೆ. ಫೋಟೊ ಕಂಪ್ಯೂಟರ್‌ಗಳಿಗೆ ಮಾತ್ರ ಎರಡೂ ಲೈನ್.

ಫೋಟೊ ಅಪ್‌ಲೋಡ್‌ನಲ್ಲಿ ಇನ್ನೊಂದು ಸೂಕ್ಷ್ಮ ಇತ್ತು. ನೂರಾರು ಫೋಟೊ ಅಂದರೆ ನೂರಾರು ಸಂಪರ್ಕ, ಚೆನ್ನಾಗಿ ಹಂಚಿಹೋಗುತ್ತವೆ ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಹಳೆಯ ಕಾಲದಲ್ಲಿ ಬ್ರೌಸರ್ ಒಂದು ಸೈಟ್‌ಗೆ ಆರು ಸಂಪರ್ಕದವರೆಗೆ ತೆರೆಯುತ್ತಿತ್ತು. ಬ್ರೌಸರ್ ಮತ್ತು ಸೈಟ್ ಮಾತಾಡುವ ನಿಯಮದ 2015ರಲ್ಲಿ ಬಂದ ರೂಪ ಎಚ್‌ಟಿಟಿಪಿ/2ರಲ್ಲಿ ಎಲ್ಲವನ್ನೂ ಒಂದೇ ಸಂಪರ್ಕದೊಳಗೆ ಸೇರಿಸಿ ಕಳಿಸುತ್ತಾರೆ. ಒಂದೇ ಬ್ರೌಸರ್‌ನಿಂದ ಇಡೀ ಫೋಲ್ಡರ್ ಹಾಕಿದರೆ ಎಲ್ಲ ಫೋಟೊಗಳೂ ಒಂದೇ ಲೈನ್ ಹಿಡಿದು ಹೋಗುತ್ತವೆ. ರೂಟರ್‌ನ ಪುಟದಲ್ಲಿ ಫೈಬರ್ ತುಂಬಿ, ವೈರ್‌ಲೆಸ್ ಖಾಲಿ ಇದ್ದದ್ದು ಕಣ್ಣಿಗೆ ಕಾಣುತ್ತಿತ್ತು. ಗೂಗಲ್ ಡ್ರೈವ್‌ಗೆ ಹೋಗುವುದನ್ನು ಫೈಲ್ ಕಳಿಸುವ ಆರ್‌ಕ್ಲೋನ್ ಅನ್ನುವ ಸಾಫ್ಟ್‌ವೇರ್‌ಗೆ ಬದಲಿಸಿದೆವು. ನಾವೇನೂ ಬದಲಿಸದಿದ್ದರೂ ಅದು ಏಕಕಾಲಕ್ಕೆ ನಾಲ್ಕು ಫೈಲ್ ಕಳಿಸುತ್ತದೆ, ಬೇರೆ ಬೇರೆ ಸಂಪರ್ಕದಲ್ಲಿ. ಮಾರಾಟದ ಸೈಟ್‌ಗೆ ಬ್ರೌಸರ್ ಬಿಟ್ಟು ಬೇರೆ ದಾರಿ ಇಲ್ಲ, ಆ ಕೆಲಸವನ್ನು ಎರಡು ಕಂಪ್ಯೂಟರ್‌ಗೆ ಪಾಲು ಮಾಡಿದೆವು. ಆಮೇಲೆ 20 ನಿಮಿಷದ ಅಪ್‌ಲೋಡ್ ಸುಮಾರು 15 ನಿಮಿಷಕ್ಕೆ ಇಳಿಯಿತು. 36ಕ್ಕೆ ಸುಮಾರು 20 ಸೇರಿದರೆ ಅಷ್ಟೇ ಸಿಗುವುದು. ಅದಕ್ಕಿಂತ ಜಾಸ್ತಿ ಯಾರೂ ಮಾತು ಕೊಡಬಾರದು.

ಲೈನ್ ಹೋಗಿದೆ ಅಂತ ರೂಟರ್‌ಗೆ ಗೊತ್ತಾಗುವುದು ಹೇಗೆ

ಫೈಬರ್ ಡಬ್ಬಿಯ ಮೇಲೆ ಎಲ್‌ಒಎಸ್ ಅಂತ ಒಂದು ದೀಪ ಇರುತ್ತದೆ. ಬೆಳಕು ಬರುವುದು ನಿಂತರೆ ಅದು ಕೆಂಪಾಗುತ್ತದೆ. ಆದರೆ ಆ ಡಬ್ಬಿಗೂ ನಮ್ಮ ರೂಟರ್‌ಗೂ ನಡುವಿನ ಒಂದು ಮೊಳದ ಕೇಬಲ್ ಸರಿಯಾಗೇ ಇರುತ್ತದಲ್ಲ? ಹಾಗಾಗಿ ರೂಟರ್‌ಗೆ ಲೈನ್ ಇದ್ದ ಹಾಗೇ ಕಾಣುತ್ತದೆ. ಸತ್ತ ಲೈನ್‌ಗೆ ಪ್ಯಾಕೆಟ್ ತಳ್ಳುತ್ತಲೇ ಇರುತ್ತದೆ. ಆಗ ಎರಡು ಲೈನ್ ಇರುವುದು ಒಂದಕ್ಕಿಂತ ಕಷ್ಟ. ಕೆಲವು ಪುಟ ತೆರೆಯುತ್ತವೆ, ಕೆಲವು ತೆರೆಯುವುದಿಲ್ಲ, ಯಾಕೆ ಅಂತ ಯಾರಿಗೂ ತಿಳಿಯುವುದಿಲ್ಲ.

ಅದಕ್ಕೆ ಪ್ರತಿ ಲೈನ್‌ನಿಂದಲೂ ಹೊರಗಿನ ಎರಡು ವಿಳಾಸಕ್ಕೆ ಆಗಾಗ ಪಿಂಗ್ ಹೋಗುವಂತೆ ಮಾಡಿದೆವು. 1.1.1.1 ಮತ್ತು 8.8.8.8. ಎರಡೂ ಕಡೆಯಿಂದ ಸತತವಾಗಿ ಉತ್ತರ ಬಾರದಿದ್ದರೆ ಮಾತ್ರ ಲೈನ್ ಸತ್ತಿದೆ ಅಂತ ಲೆಕ್ಕ. ಒಂದೇ ವಿಳಾಸ ಇಟ್ಟರೆ ಆ ವಿಳಾಸದವರ ತೊಂದರೆಗೆ ನಮ್ಮ ಲೈನ್ ಬಲಿಯಾಗುತ್ತದೆ. ಪರೀಕ್ಷೆಗೆ ಫೈಬರ್ ತಂತಿಯನ್ನೇ ಕಿತ್ತೆವು. ಕೆಂಪು ದೀಪ ಬಂತು. ಕೆಲವು ಸೆಕೆಂಡ್ ಎಲ್ಲವೂ ನಿಂತಿತು. ಆಮೇಲೆ ಅಕೌಂಟೆಂಟ್ ಪುಟ ಮತ್ತೆ ತೆರೆಯಿತು, ಲಾಗಿನ್ ಮಾತ್ರ ಹೊಸದಾಗಿ ಮಾಡಬೇಕಾಯಿತು. ನಡೆಯುತ್ತಿದ್ದ ಕರೆ ಕಡಿಯಿತು, ಮತ್ತೆ ಹಚ್ಚಿದರೆ ಹೋಯಿತು. ಲೈನ್ ಬದಲಾದರೆ ವಿಳಾಸ ಬದಲಾಗುತ್ತದೆ, ಇಷ್ಟು ತೊಂದರೆ ಇದ್ದೇ ಇರುತ್ತದೆ.

ವೈರ್‌ಲೆಸ್‌ನ ಇನ್ನೊಂದು ಗುಣ ಹೇಳಿಬಿಡುತ್ತೇನೆ. ರೂಟರ್‌ನ ಪುಟದಲ್ಲಿ ಆ ಲೈನ್‌ನ ವಿಳಾಸ 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ ಅದು ಹಲವು ಗ್ರಾಹಕರು ಹಂಚಿಕೊಳ್ಳುವ ವಿಳಾಸ. 2012ರಲ್ಲಿ ಇದಕ್ಕೇ ಅಂತ ಎತ್ತಿಟ್ಟ ಗುಂಪು ಅದು. ಹೊರಗಿನಿಂದ ನೇರ ಒಳಗೆ ಬರಲು ಆಗುವುದಿಲ್ಲ. ಮಾಲೀಕರ ಸಿಸಿಟಿವಿ ಆ್ಯಪ್ ಕಂಪನಿಯ ಸರ್ವರ್ ಮೂಲಕ ಹೋಗುವುದರಿಂದ ತೊಂದರೆ ಆಗಲಿಲ್ಲ. ಮನೆಯಿಂದ ನೇರ ಆಫೀಸ್ ಕಂಪ್ಯೂಟರ್‌ಗೆ ಬರುವವರು ಇದನ್ನು ಮೊದಲೇ ನೋಡಿಕೊಳ್ಳಬೇಕು.

ಒಂದೇ ಸಂಪರ್ಕಕ್ಕೆ ಎರಡು ಲೈನ್: ಪ್ರಯೋಗ

ಮಗಳಿಗೆ ಇನ್ನೊಂದು ಆಸೆ ಇತ್ತು. ಹಬ್ಬದ ಮುಂಚೆ ಲೈವ್ ವಿಡಿಯೊದಲ್ಲಿ ಹೊಸ ಮಾಲು ತೋರಿಸಿ ಮಾರುವುದು. ಲೈವ್ ಅಂದರೆ ಒಂದೇ ಸಂಪರ್ಕ. ಹಂಚಿಕೆಯಿಂದ ಅದಕ್ಕೆ ಏನೂ ಸಿಗುವುದಿಲ್ಲ.

ಅದಕ್ಕೆ ಮುಂಬೈಯಲ್ಲಿ ಒಂದು ಸಣ್ಣ ಸರ್ವರ್ ಬಾಡಿಗೆಗೆ ಹಿಡಿದು, ಮಲ್ಟಿಪಾತ್ ಟಿಸಿಪಿಯಿಂದ ಲೈನ್ ಕೂಡಿಸುವ ಓಪನ್‌ಎಂಪಿಟಿಸಿಪಿರೂಟರ್ ಅನ್ನುವ ಸಾಫ್ಟ್‌ವೇರ್ ಹಾಕಿ ನೋಡಿದೆವು. ಇಲ್ಲಿ ರೂಟರ್ ಪ್ಯಾಕೆಟ್‌ಗಳನ್ನು ಎರಡೂ ಲೈನ್‌ಗೆ ಪಾಲು ಮಾಡುತ್ತದೆ. ಮುಂಬೈ ಸರ್ವರ್ ನಂಬರ್ ಪ್ರಕಾರ ಜೋಡಿಸಿ ಮುಂದೆ ಕಳಿಸುತ್ತದೆ. ಹೊರ ಜಗತ್ತಿಗೆ ಕಾಣುವುದು ಮುಂಬೈಯ ಒಂದೇ ವಿಳಾಸ. ಟಿವಿ ವರದಿಗಾರರು ಬೆನ್ನಿಗೆ ಹಾಕಿಕೊಳ್ಳುವ ಹಲವು ಸಿಮ್‌ಗಳ ಬ್ಯಾಗ್ ಕೆಲಸ ಮಾಡುವುದೂ ಹೀಗೇ. ಜೋಡಿಸುವ ಯಂತ್ರ ಸ್ಟುಡಿಯೊ ಕಡೆ ಇರುತ್ತದೆ.

ಒಂದೇ ಸಂಪರ್ಕದ ಟೆಸ್ಟ್ ಈ ಸಲ 130ರ ಹತ್ತಿರ ಹೋಯಿತು. ನೋಡಿ ಎಲ್ಲರಿಗೂ ಖುಷಿ ಆಯಿತು. ಒಂಟಿ ಲೈನ್‌ಗಿಂತ ನಿಜವಾಗಿಯೂ ಜಾಸ್ತಿ. ಆದರೆ ಎರಡರ ಮೊತ್ತ ಅಲ್ಲ, ಮತ್ತು ಒಂದೇ ಸಮ ನಿಲ್ಲಲಿಲ್ಲ. ವೈರ್‌ಲೆಸ್ ತಡ ಮಾಡಿದಾಗಲೆಲ್ಲ ಫೈಬರ್‌ನಿಂದ ಬಂದ ಪ್ಯಾಕೆಟ್ ಕಾಯುತ್ತಾ ಕೂರಬೇಕು. ಕೆಲವು ಸೈಟ್‌ಗಳು ಡೇಟಾ ಸೆಂಟರ್‌ನ ವಿಳಾಸ ನೋಡಿ, ನೀವು ಮನುಷ್ಯರೇ ಅನ್ನುವ ಪರೀಕ್ಷೆಯನ್ನು ಮತ್ತೆ ಮತ್ತೆ ಕೇಳಿದವು. ಎಲ್ಲಕ್ಕಿಂತ ನನಗೆ ಹೆದರಿಕೆ ಆದದ್ದು ಇದು: ಆ ಸರ್ವರ್ ಒಂದು ನಿಂತರೆ ಎರಡೂ ಲೈನ್ ಚೆನ್ನಾಗಿದ್ದರೂ ಇಡೀ ಘಟಕದ ನೆಟ್ ನಿಲ್ಲುತ್ತದೆ. ಗಾಡಿ ಬಾಗಿಲಲ್ಲಿ ನಿಂತಿರುವ ಘಟಕಕ್ಕೆ ಇದನ್ನು ಹಾಕಲು ನಾನು ಒಪ್ಪಲಿಲ್ಲ.

ಲೈವ್‌ಗೆ ಬೇಕಾದ ವೇಗವಾದರೂ ಎಷ್ಟು? ಚೆನ್ನಾಗಿ ಕಾಣುವ ವಿಡಿಯೊಗೆ 5ರಿಂದ 10 ಎಂಬಿಪಿಎಸ್ ಸಾಕು. ಫೈಬರ್ ಒಂದೇ ಅದರ ಮೂರು ನಾಲ್ಕು ಪಟ್ಟು ಕೊಡುತ್ತದೆ. ಅವರಿಗೆ ಬೇಕಿದ್ದದ್ದು ನಡುವೆ ಕಡಿಯದೆ ಇರುವುದು. ಆದ್ದರಿಂದ ಕೂಡಿಸುವ ಬದಲು ಜೋಡಿ ಮಾಡಿದೆವು. ಸ್ಪೀಡಿಫೈ ಥರದ ಆ್ಯಪ್‌ಗಳಲ್ಲಿ ಪ್ರತಿ ಪ್ಯಾಕೆಟ್ ಅನ್ನು ಎರಡೂ ಲೈನ್‌ನಲ್ಲಿ ಕಳಿಸುವ ವಿಧಾನ ಇದೆ. ಮೊದಲು ತಲುಪಿದ್ದು ಕೆಲಸಕ್ಕೆ, ಎರಡನೆಯದು ಕಸಕ್ಕೆ. ವೇಗ ಒಂದಿಷ್ಟೂ ಹೆಚ್ಚುವುದಿಲ್ಲ, ಡೇಟಾ ಡಬಲ್ ಖರ್ಚು. ಆದರೆ ಲೈವ್ ನಡೆಯುವಾಗ ಫೈಬರ್ ಕಿತ್ತರೂ ವಿಡಿಯೊ ಅಲುಗಾಡಲಿಲ್ಲ. ಲೈವ್ ಲ್ಯಾಪ್‌ಟಾಪ್ ಒಂದಕ್ಕೆ ಮಾತ್ರ ಇದನ್ನು ಹಾಕಿದೆವು. ಅದಕ್ಕೆ ಕೇಬಲ್‌ನಿಂದ ಫೈಬರ್, ವೈಫೈನಿಂದ ನೇರ 5ಜಿ ಡಬ್ಬಿ. ಉಳಿದ ಘಟಕಕ್ಕೆ ಹಳೆಯ ಹಂಚಿಕೆಯೇ.

ಈಗಿನ ಸ್ಥಿತಿ

ಎರಡನೇ ಫೈಬರ್‌ನ ಅವಧಿ ಮುಗಿದ ಮೇಲೆ ಅದನ್ನು ಮುಂದುವರಿಸಲಿಲ್ಲ. ಬಿಲ್ ಎರಡೇ, ಮೊದಲಿನ ಹಾಗೇ. ಇ-ವೇ ಬಿಲ್‌ಗೆ ಸಂಜೆ ಗಾಡಿ ನಿಲ್ಲುವುದು ತಪ್ಪಿದೆ. ವೈರ್‌ಲೆಸ್ ಸಂಜೆ ಹೊತ್ತು ಟವರ್ ತುಂಬಿದಾಗ ಬಹಳ ಇಳಿಯುತ್ತದೆ. ಅದರ ಸ್ಪೀಡ್ ಒಂದೇ ಸಮ ಇರದ ಕಾರಣ 36ರ ಹಾಗೆ ಒಂದು ಮಿತಿ ಕಟ್ಟಲೂ ಆಗುವುದಿಲ್ಲ. ಅದಕ್ಕೆ ಕರೆಗಳನ್ನು ಫೈಬರ್‌ನಲ್ಲೇ ಉಳಿಸಿದ್ದೇವೆ, ಸಂಜೆಯ ತೂಕವನ್ನು ಮೂರಕ್ಕೆ ಎರಡರಿಂದ ಮೂರಕ್ಕೆ ಒಂದಕ್ಕೆ ಇಳಿಸಿದ್ದೇವೆ. ಲೈವ್ ಆ್ಯಪ್‌ನ ಚಂದಾವನ್ನು ಯುಗಾದಿ, ರಂಜಾನ್, ದಸರಾ, ದೀಪಾವಳಿ ಹತ್ತಿರ ಬಂದಾಗ ಮಾತ್ರ ಕಟ್ಟುತ್ತಾರೆ. ಮುಂಬೈ ಸರ್ವರ್ ಬಾಡಿಗೆಯನ್ನು ಆ ತಿಂಗಳೇ ನಿಲ್ಲಿಸಿದರು.